ಸತ್ತವನ ಪರವಾಗಿ ಕಾವಲು ಯಾರು?

ಸತ್ತವನು ದೂರು ಕೊಡಲಾರ. ತನ್ನ ಉಯಿಲನ್ನು ತಿರುಚಿದವನನ್ನು ಎದ್ದು ಬಂದು ಕೇಳಲಾರ. ಹಾಗಾದರೆ ಅದನ್ನು ಬರೆದುಕೊಡುವವನ, ಆಸ್ತಿ ಹಂಚುವವನ ಪ್ರಾಮಾಣಿಕತೆಗೆ ಕಾವಲು ಯಾರು?

ಅಮೆರಿಕದಲ್ಲಿ ಈ ಕೆಲಸದ ವಕೀಲರು 1949ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅನುಭವವುಳ್ಳವರನ್ನು ಆರಿಸಿ ಸೇರಿಸಿಕೊಳ್ಳುವುದು ಅದರ ಪದ್ಧತಿ. 1991ರಲ್ಲಿ ಬ್ರಿಟನ್ನಿನಲ್ಲಿ 'ಸ್ಟೆಪ್' ಎಂಬ ಸಂಘ ಹುಟ್ಟಿತು. ವಕೀಲರು, ಲೆಕ್ಕಪರಿಶೋಧಕರು, ಟ್ರಸ್ಟಿಗಳು ಅದರಲ್ಲಿ ಒಂದಾದರು. ಪರೀಕ್ಷೆ, ನೀತಿಸಂಹಿತೆ, ತಪ್ಪಿದ ಸದಸ್ಯನಿಗೆ ಶಿಸ್ತುಕ್ರಮ ಎಲ್ಲವೂ ಬಂದವು. ಇದು ಒಳ್ಳೆಯದೇ. ಆದರೆ ಯಾರಾದರೂ ದೂರು ತರುವ ತನಕ ಸಂಘಕ್ಕೆ ತಪ್ಪು ಕಾಣುವುದು ಕಷ್ಟ.

ಪವಿತ್ರ ಕುರ್‌ಆನ್ ಈ ಪ್ರಶ್ನೆಯನ್ನು ಅಂತಃಸಾಕ್ಷಿಯ ಮುಂದಿಡುತ್ತದೆ. ವಸಿಯ್ಯತ್ ಕೇಳಿದ ಬಳಿಕ ಅದನ್ನು ಬದಲಿಸಿದರೆ ಪಾಪವು ಬದಲಿಸಿದವರದು. ಅಲ್ಲಾಹನು ಕೇಳುತ್ತಾನೆ, ಬಲ್ಲನು (2:181). ಆದರೆ ಬರೆಸಿದವನೇ ಪಕ್ಷಪಾತ ಮಾಡಿದ್ದರೆ? ಆಗ ಸಂಬಂಧಪಟ್ಟವರ ನಡುವೆ ರಾಜಿ ಮಾಡಿಸುವುದು ಪಾಪವಲ್ಲ (2:182). ಅಂದರೆ ಹೇಳಿದ್ದನ್ನು ಬರೆದುಕೊಟ್ಟರಷ್ಟೇ ಪ್ರಾಮಾಣಿಕತೆಯಾಗದು, ಅನ್ಯಾಯ ಕಂಡಾಗ ಬಾಯಿಬಿಡುವುದೂ ಅದರ ಭಾಗ. ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸೊತ್ತಿನ ಮೂರನೆಯ ಎರಡು ಭಾಗವನ್ನು ದಾನ ಮಾಡಬಯಸಿದಾಗ ಪ್ರವಾದಿ(ಸ)ರು ತಡೆದರು. ಮೂರನೆಯ ಒಂದು ಭಾಗಕ್ಕೆ ಒಪ್ಪಿ, ಅದೂ ಹೆಚ್ಚೇ ಎಂದರು. ವಾರಸುದಾರರು ಪರರ ಮುಂದೆ ಕೈಚಾಚಬಾರದಲ್ಲವೇ?

ನಮ್ಮ ಮನೆಗಳಲ್ಲಿ ಸಂಘವೂ ಇಲ್ಲ, ಸಂಹಿತೆಯೂ ಇಲ್ಲ. ತಂದೆಯ ಪೆಟ್ಟಿಗೆ ತೆರೆಯುವ ಹಿರಿಯ ಮಗನೇ ಎಲ್ಲ. ಅದರಲ್ಲಿ ಸಾಲದ ಚೀಟಿಯೊಂದು ಸಿಕ್ಕಿತೆನ್ನಿ. ಸಾಲ ತೀರಿದ ಮೇಲೆಯೇ ಪಾಲು. ಆ ಚೀಟಿಯನ್ನು ನೀವು ಸಹೋದರಿಯರ ಮುಂದೆ ಓದುವಿರಾ, ಅಥವಾ ಜೇಬಿಗಿಳಿಸುವಿರಾ? ಕೋಣೆಯಲ್ಲಿ ಬೇರಾರೂ ಇಲ್ಲದಿರಬಹುದು. ನೋಡುವವನು ಇದ್ದಾನೆ.