ಯಾರ ಹೆಸರು ಮೊದಲು?

ಹಲವರು ಸೇರಿ ನಡೆಸಿದ ಸಂಶೋಧನೆಯ ಲೇಖನಕ್ಕೆ ಯಾರ ಹೆಸರು ಹಾಕಬೇಕು? ಯಾರದು ಮೊದಲು ಬರಬೇಕು? ಹೊರಗಿನವರಿಗೆ ಇದು ಕ್ಷುಲ್ಲಕ ಜಗಳವೆನಿಸೀತು. ಆದರೆ ವಿಜ್ಞಾನಿಯ ಉದ್ಯೋಗ, ಬಡ್ತಿ, ಮುಂದಿನ ಅನುದಾನ ಬಹುಮಟ್ಟಿಗೆ ಆ ಒಂದು ಸಾಲನ್ನೇ ಅವಲಂಬಿಸಿವೆ. ಆದ್ದರಿಂದ ಇದು ದುಡಿದವರ ಹಕ್ಕಿನ ಪ್ರಶ್ನೆ.

ಫ್ರಾನ್ಸಿನ ವೈದ್ಯೆ ಮಾರ್ತ್ ಗೋತಿಯೇ ಅವರ ವೃತ್ತಾಂತ ನೋಡಿ. ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯನ್ನು ಅಮೆರಿಕದಲ್ಲಿ ಕಲಿತು, 1956ರಲ್ಲಿ ಪ್ಯಾರಿಸಿಗೆ ಮರಳಿದ ಆಕೆ ಪ್ರೊಫೆಸರ್ ತುರ್ಪಾಂ ಅವರ ವಿಭಾಗ ಸೇರಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ವರ್ಣತಂತುಗಳಲ್ಲೇ ವ್ಯತ್ಯಾಸವಿರಬಹುದೆಂಬುದು ಪ್ರೊಫೆಸರರ ಊಹೆ. ಅದನ್ನು ಪರೀಕ್ಷಿಸಲು ಹಣವಿರಲಿಲ್ಲ. ಆಕೆ 2009ರಲ್ಲಿ ಬರೆದಂತೆ, ಸಾಲ ಮಾಡಿ ಗಾಜಿನ ಸಾಮಾನು ಕೊಂಡರು. ಕೋಶಗಳಿಗೆ ಬೇಕಾದ ಸೀರಮ್‌ಗೆ ತನ್ನದೇ ರಕ್ತ ತೆಗೆದರು. ಕೊನೆಗೆ 46ರ ಬದಲು 47 ವರ್ಣತಂತುಗಳು ಕಂಡವು. ಆದರೆ ಆಕೆಯ ಸೂಕ್ಷ್ಮದರ್ಶಕದಲ್ಲಿ ಛಾಯಾಚಿತ್ರ ತೆಗೆಯುವ ಸೌಕರ್ಯವಿರಲಿಲ್ಲ. ಅದೇ ವಿಭಾಗದ ಜೆರೋಮ್ ಲಜನ್ ಸ್ಲೈಡುಗಳನ್ನು ಅದಕ್ಕಾಗಿ ಕೊಂಡೊಯ್ದರು. 1959ರ ಜನವರಿಯಲ್ಲಿ ಲೇಖನ ಪ್ರಕಟವಾದಾಗ ಲಜನ್‌ರ ಹೆಸರು ಮೊದಲು. ಆಕೆಯದು ಎರಡನೆಯದು, ಅದೂ ಕಾಗುಣಿತ ತಪ್ಪಿ!

ಲಜನ್‌ರ ಬೆಂಬಲಿಗರು ಇದನ್ನೊಪ್ಪುವುದಿಲ್ಲ. ಎಣಿಸಿ ಖಚಿತಪಡಿಸಿದವರು ಅವರೇ ಎಂಬುದು ಅವರ ವಾದ. 1994ರಲ್ಲೇ ಮೃತರಾದ ಲಜನ್ ತಮ್ಮ ಉತ್ತರ ಹೇಳಲು ಇರಲಿಲ್ಲ ಎಂಬುದನ್ನೂ ನಾವು ಮರೆಯಬಾರದು. 2014ರಲ್ಲಿ ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್‌ನ ನೀತಿ ಸಮಿತಿಯು, ಆ ಶೋಧದಲ್ಲಿ ಲಜನ್‌ರ ಪಾತ್ರವೇ ಪ್ರಧಾನವಾಗಿದ್ದಿರುವ ಸಂಭವ ಕಡಿಮೆ ಎಂದು ಅಭಿಪ್ರಾಯಪಟ್ಟಿತು. ಅಷ್ಟರಲ್ಲಿ 55 ವರ್ಷಗಳು ಕಳೆದಿದ್ದವು.

ಊಹೆ ಒಬ್ಬರದು, ಕೈಚಳಕ ಇನ್ನೊಬ್ಬರದು, ಛಾಯಾಚಿತ್ರ ಮತ್ತೊಬ್ಬರದು. ಮೂವರಿಗೂ ಪಾಲಿದೆ, ನಿಜ. ಆದರೆ ಸ್ಲೈಡುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ದಿನ ಲೇಖನ ಯಾರು ಬರೆಯಬೇಕೆಂಬ ಮಾತೇ ಎತ್ತದಿದ್ದರೆ, ಮುಂದೆ ಅದನ್ನು ತೀರ್ಮಾನಿಸುವುದು ಯಾರಿಗೆ ಅಧಿಕಾರವಿದೆಯೋ ಅವರೇ.

ಇದರ ಇನ್ನೊಂದು ಮುಖ ನಮ್ಮಲ್ಲಿ ಹೆಚ್ಚು ಪರಿಚಿತ. ಏನೂ ಮಾಡದ ಹಿರಿಯರ ಹೆಸರನ್ನು ಗೌರವಕ್ಕೆಂದು ಸೇರಿಸುವುದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮದಂತೆ, ಹಣ ತಂದುಕೊಟ್ಟದ್ದಕ್ಕೋ ಮೇಲ್ವಿಚಾರಣೆಗೋ ಮಾತ್ರ ಯಾರೂ ಲೇಖಕರಾಗುವುದಿಲ್ಲ. ಅಂಥವರಿಗೆ ಕೃತಜ್ಞತೆ ಸಲ್ಲಿಸಬಹುದು. ಗುರುವಿಗೆ ಗೌರವ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಆದರೆ ಲೇಖನದ ಮೇಲಿನ ಹೆಸರು ಸಾಕ್ಷ್ಯ. 'ಈ ಕೆಲಸದಲ್ಲಿ ನನ್ನ ಪಾಲಿದೆ, ಇದರ ಸತ್ಯಾಸತ್ಯಕ್ಕೆ ನಾನೂ ಹೊಣೆ' ಎಂದು ಅದು ಓದುಗನಿಗೆ ಹೇಳುತ್ತದೆ. ನಾಳೆ ಲೇಖನದಲ್ಲಿ ಮೋಸ ಕಂಡುಬಂದರೆ, ಗೌರವಕ್ಕೆ ಹೆಸರು ಪಡೆದವರು 'ನನಗೇನೂ ತಿಳಿಯದು' ಎನ್ನುತ್ತಾರೆ. ಹಾಗಾದರೆ ಅವರು ಅಂದು ಸಹಿ ಹಾಕಿದ್ದು ಯಾವುದಕ್ಕೆ?