ಉಡಲಿಕ್ಕೋ, ಕೊಡಲಿಕ್ಕೋ?

ಶರನ್ನವರಾತ್ರಿ ಸಮೀಪಿಸಿತೆಂದರೆ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಹೆಜ್ಜೆಯಿಡಲು ಎಡೆಯಿರುವುದಿಲ್ಲ. ಬ್ರಿಟಿಷ್ ರೆಸಿಡೆನ್ಸಿಯ ನೆರಳಿನಲ್ಲಿ ಬೆಳೆದು, 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳಿ, ಹೊಸ ಹೆಸರನ್ನು ಪಡೆದ ಪೇಟೆ ಇದು. 2020ರಿಂದ ಅದರ ನೆತ್ತಿಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ಕೆಳಗಿನ ಜನಸಂದಣಿ ಮಾತ್ರ ಹಿಂದಿನಂತೆಯೇ ಇದೆ. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವಾದ್ದರಿಂದ ಆ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳಿಗೆ ಹಬ್ಬದ ಜವಳಿ ಬರುವುದು ಈ ಬೀದಿಗಳಿಂದಲೇ.

ಸೀರೆ ಕೊಳ್ಳಲು ಬಂದವರನ್ನು ಅಂಗಡಿಯವರು ಮೊದಲು ಕೇಳುವ ಮಾತೊಂದುಂಟು: ಉಡಲಿಕ್ಕೋ, ಕೊಡಲಿಕ್ಕೋ? ಕೊಡುವ ಸೀರೆಯದು ಬೇರೆಯೇ ರಾಶಿ, ಬೇರೆಯೇ ಬೆಲೆ. ಕೇಳುವವನಿಗೂ ಉತ್ತರಿಸುವವರಿಗೂ ಇದರಲ್ಲಿ ಯಾವ ಅಳುಕೂ ಇರುವುದಿಲ್ಲ. ಲೋಕರೂಢಿಯಾದದ್ದು ಯಾರನ್ನೂ ಚುಚ್ಚುವುದಿಲ್ಲ.

ಅಂಥದೊಂದು ಅಂಗಡಿಗೆ ರಾಯಚೂರು ಸೀಮೆಯ ವೃದ್ಧೆಯೊಬ್ಬರು ಏಳು ವರ್ಷದ ಮೊಮ್ಮಗಳ ಕೈಹಿಡಿದು ಬಂದರು. ತಮಗೊಂದು, ಸೊಸೆಗೊಂದು, ಮನೆಯಲ್ಲಿ ಪಾತ್ರೆ ತಿಕ್ಕುವ ತೆಲುಗು ಹೆಂಗಸಿಗೊಂದು, ಹೀಗೆ ಮೂರು ಸೀರೆ ಬೇಕಾಗಿದ್ದವು. ಅಂಗಡಿಯವನು ವಾಡಿಕೆಯಂತೆ ಕೇಳಿದನು. “ಎರಡೂ ತೋರಸಪ್ಪಾ” ಎಂದರು ಅಜ್ಜಿ. ಗಾದಿಯ ಮೇಲೆ ಎರಡು ರಾಶಿಗಳು ಬಿದ್ದವು. ಮಗು ಎರಡನ್ನೂ ಮುಟ್ಟಿ ನೋಡಿತು. ಒಂದು ರಾಶಿಯ ಸೀರೆ ಮೆತ್ತಗೆ ಕೈಯಿಂದ ಜಾರುತ್ತಿತ್ತು. ಇನ್ನೊಂದರದು ಗಂಜಿಯ ಬಲದಿಂದ ಕಾಗದದಂತೆ ಸೆಟೆದು ನಿಂತಿತ್ತು.

“ಅಜ್ಜೀ, ಕೊಡೋ ಸೀರಿ ಯಾರೂ ಉಡಂಗಿಲ್ಲೇನು?”

ಕನ್ನಡ ಬಲ್ಲ ಅಂಗಡಿಯವನು ನಕ್ಕುಬಿಟ್ಟನು. ಅಜ್ಜಿಗೆ ನಗಲಾಗಲಿಲ್ಲ.

ಈ ಪ್ರಶ್ನೆ ಇಂದಿನದಲ್ಲ. ಕಠೋಪನಿಷತ್ತು ಆರಂಭವಾಗುವುದೇ ಇಂಥ ಒಂದು ಎಳೆಯ ಪ್ರಶ್ನೆಯಿಂದ. ವಾಜಶ್ರವಸನು ಸರ್ವಸ್ವವನ್ನೂ ದಾನಮಾಡಬೇಕಾದ ಯಜ್ಞವನ್ನು ಕೈಗೊಂಡಿದ್ದನು. ಅದು ವಿಶ್ವಜಿತ್ ಯಾಗವೆಂದು ಶಂಕರ ಭಗವತ್ಪಾದರು ಭಾಷ್ಯದಲ್ಲಿ ತಿಳಿಸುತ್ತಾರೆ. ವಾಜವೆಂದರೆ ಅನ್ನ, ಶ್ರವಸ್ಸೆಂದರೆ ಕೀರ್ತಿ. ಅನ್ನದಾನದಿಂದಲೇ ಹೆಸರಾದ ವಂಶ ಅದು. ಆದರೆ ದಕ್ಷಿಣೆಗೆಂದು ಹೊರಟ ಹಸುಗಳು ಎಂಥವು? ಹುಲ್ಲು ನೀರುಗಳ ಆಸೆಯೂ ಉಳಿಯದ, ಹಾಲು ಬತ್ತಿದ, ಇನ್ನು ಈಯಲಾರದ ಮುದಿಹಸುಗಳು. ಲೆಕ್ಕಕ್ಕೆ ಕಡಿಮೆಯಿರಲಿಲ್ಲ, ವಿಧಿಗೆ ಲೋಪವಿರಲಿಲ್ಲ. ಆ ಯಜ್ಞಶಾಲೆಯಲ್ಲಿ ಹಿರಿಯರಾರಾದರೂ ಬಾಯಿಬಿಟ್ಟರೆಂದು ಉಪನಿಷತ್ತು ಹೇಳುವುದಿಲ್ಲ. ಮಾತನಾಡಿದವನು ಇನ್ನೂ ಕುಮಾರನಾಗಿದ್ದ ನಚಿಕೇತನೊಬ್ಬನೇ.

ಅವನು ಹಸುಗಳನ್ನು ಹಳಿಯಲಿಲ್ಲ, ತಂದೆಗೆ ಬುದ್ಧಿವಾದವನ್ನೂ ಹೇಳಲಿಲ್ಲ. ಸರ್ವಸ್ವವೆಂದ ಮೇಲೆ ಮಗನೂ ಅದರಲ್ಲಿ ಸೇರಿದವನೇ ತಾನೆ? ತನ್ನನ್ನು ಯಾರಿಗೆ ಕೊಡುವಿರೆಂದು ಕೇಳಿದನು. ಉತ್ತರ ಬಾರದಿರಲು ಎರಡನೆಯ ಸಲ, ಮೂರನೆಯ ಸಲ ಕೇಳಿದನು. ತಂದೆ ಕೋಪಗೊಂಡು ಮೃತ್ಯುವಿಗೆ ಕೊಟ್ಟೆನೆಂದನು. ದಕ್ಷಿಣೆಯ ಹಸುಗಳು ಹೊರಟಾಗಲೇ ಬಾಲಕನನ್ನು ಹೊಕ್ಕದ್ದು ಶ್ರದ್ಧೆ ಎಂದು ಶ್ರುತಿ ಹೇಳಿದರೆ, ಅದು ತಂದೆಯ ಹಿತವನ್ನು ಬಯಸಿ ಹುಟ್ಟಿದ ಶ್ರದ್ಧೆ ಎಂದು ಭಾಷ್ಯಕಾರರು ಸೇರಿಸುತ್ತಾರೆ. ಇಡೀ ಪ್ರಕರಣದ ತಿರುಳು ಇಲ್ಲಿದೆ. ಮಕ್ಕಳ ನೇರ ಮಾತನ್ನು ದೊಡ್ಡವರು ಅವಮಾನವೆಂದು ಬಗೆಯುತ್ತಾರೆ, ನಾಲ್ಕು ಜನರೆದುರು ಮರ್ಯಾದೆ ಹೋಯಿತೆಂದು ಕಣ್ಣು ಕೆಂಪಗೆ ಮಾಡುತ್ತಾರೆ. ಮಗುವಿಗೆ ಬೇಕಾದದ್ದು ತನ್ನವರ ದಾನ ದಾನವಾಗಬೇಕೆಂಬುದಷ್ಟೇ. ಯಮನು ವರಗಳನ್ನು ನೀಡಿದಾಗ ನಚಿಕೇತನು ಮೊಟ್ಟಮೊದಲು ಬೇಡಿದ್ದು ಆತ್ಮವಿದ್ಯೆಯನ್ನಲ್ಲ. ತಂದೆಯ ಕೋಪವಿಳಿದು ಮನಸ್ಸು ಶಾಂತವಾಗಲಿ ಎಂಬುದನ್ನು.

ಅದೇ ವಿಶ್ವಜಿತ್ ಯಾಗವನ್ನು ಮಾಡಿದ ಇನ್ನೊಬ್ಬ ಯಜಮಾನನಿದ್ದಾನೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ, ವರತಂತುವಿನ ಶಿಷ್ಯನಾದ ಕೌತ್ಸನು ರಘುಮಹಾರಾಜನ ಬಳಿಗೆ ಬಂದಾಗ ಅರಸನು ಅರ್ಘ್ಯವನ್ನು ತಂದದ್ದು ಮಣ್ಣಿನ ಪಾತ್ರೆಯಲ್ಲಿ. ಚಿನ್ನದ ಪಾತ್ರೆಗಳೆಲ್ಲ ದಾನವಾಗಿ ಹೋಗಿದ್ದವು. ಗುರುದಕ್ಷಿಣೆಯೋ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ. ಬರಿಗೈಯಲ್ಲಿ ಕಳುಹಿಸಲೊಲ್ಲದ ರಘು ಕುಬೇರನ ಮೇಲೆಯೇ ದಂಡೆತ್ತಲು ನಿಶ್ಚಯಿಸುತ್ತಾನೆ. ಬೆಳಗಾಗುವಷ್ಟರಲ್ಲಿ ಬೊಕ್ಕಸದಲ್ಲಿ ಚಿನ್ನದ ಮಳೆ. ಅರಸನು ಅಷ್ಟನ್ನೂ ಕೊಂಡೊಯ್ಯೆನ್ನುತ್ತಾನೆ, ಕೌತ್ಸನು ಗುರುವಿಗೆ ಸಲ್ಲುವುದಕ್ಕಿಂತ ಒಂದು ಕಾಸೂ ಹೆಚ್ಚು ಬೇಡವೆನ್ನುತ್ತಾನೆ. ಸಾಕೇತದ ಜನರು ಇಬ್ಬರನ್ನೂ ಕೊಂಡಾಡಿದರಂತೆ. ಒಂದೇ ಯಾಗ: ಒಬ್ಬನ ಮನೆಯಲ್ಲಿ ಮುದಿಹಸು, ಇನ್ನೊಬ್ಬನ ಮನೆಯಲ್ಲಿ ಮಣ್ಣಿನ ಪಾತ್ರೆ.

ಜನರ ಬಾಯಲ್ಲಿ ಈ ಕಥೆ ಇನ್ನಷ್ಟು ಬೆಳೆದು, ಚಿನ್ನ ಸುರಿದದ್ದು ಬನ್ನಿಯ ಮರದ ಮೇಲೆ ಎಂದಾಯಿತು. ಪಾಂಡವರ ಆಯುಧಗಳನ್ನು ಕಾಪಾಡಿದ ಶಮೀವೃಕ್ಷವೂ ಅದೇ. ತೆಲಂಗಾಣದಲ್ಲಿ ದಸರೆಯ ಸಂಜೆ ಕೈಯಿಂದ ಕೈಗೆ ಹೋಗುವ ಜಮ್ಮಿ ಎಲೆಗೆ ‘ಬಂಗಾರಂ’ ಎಂದೇ ಹೆಸರು. ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣ ಎಂಬುದು ಉತ್ತರ ಕರ್ನಾಟಕದವರ ವಾಡಿಕೆಯ ಮಾತು. ಆ ಎಲೆಯಲ್ಲಿ ಉಡುವುದು, ಕೊಡುವುದು ಎಂಬ ಎರಡು ರಾಶಿಗಳಿಲ್ಲ. ಧಣಿಯ ಕೈಗೆ ಬಂದದ್ದೂ ಆಳಿನ ಕೈಗೆ ಹೋದದ್ದೂ ಒಂದೇ ಕೊಂಬೆಯದು. ಮಿಕ್ಕ ಉಡುಗೊರೆಗಳ ಗತಿ ಬೇರೆ. ಅರಿಸಿನ ಕುಂಕುಮದ ಜೊತೆ ಕೊಟ್ಟ ರವಿಕೆ ಕಣ ನಾಲ್ಕು ಮನೆ ಸುತ್ತಿ ಐದನೆಯ ನವರಾತ್ರಿಗೆ ಕೊಟ್ಟವರಿಗೇ ಮರಳಿ ಬರುವುದುಂಟು. ಅದನ್ನು ಗುರುತಿಸಿ ಕೂಗಿ ಹೇಳುವವರೂ ಮನೆಯ ಮಕ್ಕಳೇ.

ಸುಲ್ತಾನ್ ಬಜಾರಿನ ಆ ಗಾದಿಯ ಮೇಲೆ ಅಜ್ಜಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಪ್ರತಿವರ್ಷವೂ ಹಬ್ಬದ ಪಟ್ಟಿಯಲ್ಲಿ ಬರೆದು, ಕೊಂಡು, ಕೊಟ್ಟು, ಬಾಕಿ ತೀರಿಸಿದಂತೆ ಗೀಟು ಎಳೆಯುವುದೇ ಅವರಿಗೆ ಅಭ್ಯಾಸವಾಗಿತ್ತು. ಆ ಸೀರೆಗಳನ್ನು ಯಾರಾದರೂ ಉಟ್ಟದ್ದುಂಟೇ ಎಂದು ನೆನೆದುಕೊಂಡರೆ ಒಂದೂ ಕಣ್ಣಮುಂದೆ ಬರಲಿಲ್ಲ. ಕೊನೆಗೆ ಗಂಜಿಯ ರಾಶಿಯನ್ನು ಪಕ್ಕಕ್ಕೆ ಸರಿಸಿದರು. ತಮಗೆಂದಿದ್ದ ಸೀರೆ ಈ ವರ್ಷಕ್ಕೆ ಬೇಡವಾಯಿತು. “ನೀನ ಆರಿಸವಾ” ಎಂದರು. ಮಗು ಮೆತ್ತನೆಯ ರಾಶಿಯಿಂದ ಹಸುರು ಮೈಯ, ಕೆಂಪು ಅಂಚಿನ ಸೀರೆಯೊಂದನ್ನು ಎಳೆಯಿತು.

ಆಯುಧಪೂಜೆಯ ದಿನ ಅದನ್ನು ಮಗುವಿನ ಕೈಯಿಂದಲೇ ಕೊಡಿಸಿದರು. ಮರುದಿನ ಸಂಜೆ ಆ ಮನೆಯಲ್ಲಿ ಬಾಗಿಲ ಕಡೆಗೆ ಹೆಚ್ಚು ಸಲ ನೋಡಿದವರು ಮೊಮ್ಮಗಳೋ ಅಜ್ಜಿಯೋ ಹೇಳುವುದು ಕಷ್ಟ. ದೀಪ ಹಚ್ಚುವ ಹೊತ್ತಿಗೆ ಜಮ್ಮಿ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಆ ಹೆಂಗಸು ಬಂದಳು. ಮಗು ಒಳಗೆ ಓಡಿತು.

“ಅಜ್ಜೀ, ಉಟ್ಕೊಂಡಾರ!”