ಕಾರ್ಕಳದ ಗೊಮ್ಮಟನೂ ಕಾಗದದ ಗೊಮ್ಮಟನೂ

ಕಾರ್ಕಳದ ಬೆಟ್ಟದ ಮೇಲಿನ ಏಕಶಿಲಾ ಗೊಮ್ಮಟನ, ಅಂದರೆ ಬಾಹುಬಲಿಯ, ಎತ್ತರ ಸುಮಾರು 42 ಅಡಿ. ಲಲಿತಕೀರ್ತಿ ಮುನಿಗಳ ಉಪದೇಶದಂತೆ ಭೈರರಸ ಮನೆತನದ ವೀರಪಾಂಡ್ಯ ಇದನ್ನು 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಮಾಡಿಸಿದ. ಪ್ರವಾಸಕ್ಕೆ ಬಂದವರೊಬ್ಬರು ಪ್ರಾಕಾರದೊಳಗೆ ಕೂತು ಈ ಮೂರ್ತಿಯ ಚಿತ್ರ ಬರೆದರೆ, ಪೂಜೆಗೊಳ್ಳುವ ಶಿಲೆಗೂ ಆ ಚಿತ್ರಕ್ಕೂ ಏನು ಸಂಬಂಧ? ಉತ್ತರ ಜೈನಶಾಸ್ತ್ರದಲ್ಲೇ ಇದೆ.

ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ನಾಮ, ಸ್ಥಾಪನೆ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು, ಅಂದರೆ ವಸ್ತುವನ್ನು ಗುರುತಿಸುವ ಬಗೆಗಳನ್ನು, ಹೇಳುತ್ತದೆ. ಮಗುವಿಗೆ ಬಾಹುಬಲಿಯೆಂದು ಹೆಸರಿಡುವುದು ನಾಮ. ಎದುರಿಗಿಲ್ಲದವನನ್ನು ಬೇರೊಂದು ವಸ್ತುವಿನಲ್ಲಿ ‘ಇವನೇ ಅವನು’ ಎಂದು ಭಾವಿಸುವುದು ಸ್ಥಾಪನೆ. ಹೋಲಿಕೆಯಿದ್ದರೆ ಅದು ತದಾಕಾರ. ಚದುರಂಗದ ಕಾಯಿಯನ್ನು ಆನೆಯೆಂದಂತೆ ಹೋಲಿಕೆಯಿಲ್ಲದಿದ್ದರೆ ಅತದಾಕಾರ. ಶಿಲೆ, ಚಿತ್ರ ಎರಡೂ ತದಾಕಾರವೇ. ಆದರೆ ವಿಧಿಪೂರ್ವಕ ಪ್ರತಿಷ್ಠೆಯಾದದ್ದು ಶಿಲೆಗೆ. ಮಸ್ತಕಾಭಿಷೇಕ ಸಲ್ಲುವುದೂ ಅದಕ್ಕೇ.

ಹಾಗೆಂದು ಚಿತ್ರ ಕೀಳಲ್ಲ. ಉಡುಪಿಯಲ್ಲಿ ಒಂಬತ್ತು ಕಂಡಿಗಳ ಕಿಂಡಿಯಿಂದ ಕೃಷ್ಣನನ್ನು ಕಾಣುವ ಭಕ್ತರಿಗೆ ಪ್ರತಿಮೆಯಲ್ಲಿ ಹರಿಯ ಸನ್ನಿಧಾನವಿದೆ. ಜೈನರ ಮುಕ್ತಾತ್ಮನಾದರೋ ಮೂರ್ತಿಗೆ ಇಳಿದು ಬರುವುದಿಲ್ಲ, ವರವನ್ನೂ ಕೊಡುವುದಿಲ್ಲ. ಅವನ ಗುಣಗಳನ್ನು ನೋಡುವವರ ಮನಸ್ಸಿಗೆ ತಂದುಕೊಡುವುದೇ ಮೂರ್ತಿಯ ಕೆಲಸ. ಅದಕ್ಕೆ ಬೇಕಾದದ್ದು ಬಿಡದೆ ನೋಡುವ ಕಣ್ಣು, ಮತ್ತು ಬರೆಯುವ ಕೈ ಕಣ್ಣನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ.

ಕಾಲು, ತೋಳುಗಳಿಗೆ ಹಬ್ಬಿದ ಬಳ್ಳಿ ಪೆನ್ಸಿಲಿಗೆ ಬೇಗ ಒಲಿಯುತ್ತದೆ. ಕಷ್ಟ ಇರುವುದು ಇಳಿಬಿಟ್ಟ ತೋಳಿನಲ್ಲಿ. ಸ್ನಾಯು ಬಿಗಿದಂತೆ ಬರೆದರೆ ಗೊಮ್ಮಟ ಜಟ್ಟಿಯಾಗುತ್ತಾನೆ. ಸಡಿಲ ಬಿಟ್ಟರೆ ದಣಿದವನಾಗುತ್ತಾನೆ. ಕಾಯೋತ್ಸರ್ಗ ಇವೆರಡೂ ಅಲ್ಲ. ದೇಹದ ಮಮತೆ ತೊರೆದು ನೆಟ್ಟಗೆ ನಿಂತ ಸ್ಥಿತಿ. ಅಣ್ಣ ಭರತನನ್ನು ಮಲ್ಲಯುದ್ಧದಲ್ಲಿ ಎತ್ತಿ ಹಿಡಿದ ತೋಳು, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟುಕೊಟ್ಟವನ ತೋಳು, ಎರಡೂ ಒಂದೇ. ಬಲ ಹಾಗೇ ಇದೆ, ಅದನ್ನು ಬಳಸುವ ಇಚ್ಛೆ ಮಾತ್ರ ಇಲ್ಲ. ಇದು ಕಾಣದೆ ಬರೆದ ಚಿತ್ರದಲ್ಲಿ ಎತ್ತರವಷ್ಟೇ ಉಳಿಯುತ್ತದೆ.

ನಿಂತ ಜಾಗವೂ ಮುಖ್ಯ. ಬುಡದಲ್ಲಿ ಕೂತವರಿಗೆ ಪಾದ, ಮಂಡಿ ದೊಡ್ಡವಾಗಿ, ಮುಖ ಚಿಕ್ಕದಾಗಿ ಕಾಣುತ್ತದೆ. ಎದುರಿನ ದಿಣ್ಣೆಯಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯಿಂದ ನೋಡಿದರೆ ಪ್ರಮಾಣ ಸರಿಬರುತ್ತದೆ, ಬಳ್ಳಿ ಕಣ್ಣಿಗೆ ನಿಲುಕದು. ಒಂದೊಂದು ನೆಲೆಯಿಂದ ಕಂಡದ್ದು ಒಂದೊಂದು ನಯ, ಅಷ್ಟರಮಟ್ಟಿಗೆ ಎರಡೂ ನಿಜ. ತನ್ನದೊಂದೇ ನಿಜ, ಮಿಕ್ಕದ್ದು ಸುಳ್ಳು ಎಂದು ಹಟ ಹಿಡಿಯುವ ನೋಟವನ್ನು ಜೈನ ತಾರ್ಕಿಕರು ದುರ್ನಯ ಎಂದು ಕರೆದಿದ್ದಾರೆ.